ದೌತಿ ಯಾರ ಮುಂದಿದೆ?

(ಗಿರಣಿ ಕಾರ್ಮಿಕರ ರಾತ್ರಿ ಶಾಲೆಯಲ್ಲಿ, ಕಾರ್ಮಿಕರೂ ಪೇಟೆಯ ವ್ಯಾಪಾರಿ ಮಿತ್ರರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ. ಕೇಳಿದವರ ಒತ್ತಾಯದಿಂದ ಇಲ್ಲಿ ಅಚ್ಚು ಮಾಡಿದೆ.)



ಈ ಸಂಜೆಯ ವಿಷಯವನ್ನು ಹಲಗೆಯ ಮೇಲೆ ಬರೆದಾಗ ಬಾಗಿಲಲ್ಲಿ ನಿಂತಿದ್ದ ಕೆಲವರು ನಕ್ಕರು. ಬೋನಸ್ಸಿನ ಮಾತು ಆಡಬೇಕಾದ ಮನುಷ್ಯ ಮಸಿಕುಡಿಕೆಯ ಮಾತು ಆಡುತ್ತಾನಂತೆ, ಅದೂ ಚಿತ್ರದಲ್ಲಿರುವ ಮಸಿಕುಡಿಕೆ, ಎಂದರು. ನೂಲಿನ ಖಾತೆಯ ಗೆಳೆಯರೊಬ್ಬರು ನೇರವಾಗಿಯೇ ಕೇಳಿದರು: “ಮೇಷ್ಟ್ರೇ, ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ?” ತುಂಬುವುದಿಲ್ಲ. ಆದರೆ ನಮ್ಮ ಹೊಟ್ಟೆಗೆ ಎಷ್ಟು ಸೇರಬೇಕು ಎಂಬ ಲೆಕ್ಕವನ್ನು ಯಾರೋ ಒಬ್ಬರು ಎಲ್ಲೋ ಕುಳಿತು ಬರೆಯುತ್ತಾರಲ್ಲ, ಆ ಬರೆಯುವವನ ಮುಂದೆ ಒಂದು ದೌತಿ ಇರುತ್ತಿತ್ತು. ಸಾವಿರಾರು ವರ್ಷಗಳಿಂದ ಚಿತ್ರಕಾರರು ಆ ದೌತಿಯನ್ನು ನೋಡಿ ಬರೆದಿಟ್ಟಿದ್ದಾರೆ. ಅದನ್ನೇ ಇಂದು ನಿಮಗೆ ತೋರಿಸಬೇಕೆಂದು ಬಂದಿದ್ದೇನೆ.

ಮೊದಲು ನನ್ನ ಮನೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಬಿತ್ತನೆಯ ಕಾಲಕ್ಕೆ ಊರಿನ ಸಾವಕಾರರೊಬ್ಬರ ಮನೆಗೆ ಹೋಗಿ ಸಾಲ ತರುತ್ತಿದ್ದ. ಸಾವಕಾರರ ಗಾದಿಯ ಮುಂದೆ ಇಳಿಜಾರು ಮೇಜು, ಮೇಜಿನ ಮೇಲೆ ಹಿತ್ತಾಳೆಯ ದೌತಿ. ಅವರು ಏನೋ ಬರೆಯುವರು. ಅಜ್ಜ ಹೆಬ್ಬೆಟ್ಟು ಒತ್ತುವನು. ಒತ್ತಿದ ಮೇಲೆ ಬೆರಳಿನ ಮಸಿ ಒರೆಸಿಕೊಳ್ಳುವುದು ಎಲ್ಲಿ? ಪಡಸಾಲೆಯ ಕಂಬಕ್ಕೆ. ಆ ಕಂಬ ಸೊಂಟದ ಎತ್ತರದಲ್ಲಿ ಕಪ್ಪಾಗಿ ಹೊಳೆಯುತ್ತಿತ್ತಂತೆ. ಊರಿನ ಎಷ್ಟು ಮನೆಗಳ ಹೆಬ್ಬೆಟ್ಟು ಅದರ ಮೇಲೆ ಒರೆಸಿಕೊಂಡಿತ್ತೋ! “ದೌತಿ ಅವರದು, ಮಸಿ ನಮ್ಮದು” ಎಂದು ಅಜ್ಜ ನಗುತ್ತಾ ಹೇಳುತ್ತಿದ್ದ. ಬಹಳ ದಿನಗಳ ಮೇಲೆ ನನಗೆ ಅರ್ಥವಾಯಿತು, ಅದು ನಗುವ ಮಾತಲ್ಲ ಎಂದು. ಎರಡು ಎಕರೆ ಹೊಲ ಆ ಕಂಬಕ್ಕೆ ಒರೆಸಿಹೋಗಿತ್ತು.

ಇಲ್ಲಿ ಹಗ್ಗಕ್ಕೆ ಸಿಕ್ಕಿಸಿರುವ ಚಿತ್ರಗಳು ಹಳೆಯ ಪುಸ್ತಕಗಳಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದವು. ಇವುಗಳ ಮೂಲವನ್ನು ನಾನು ಕಂಡವನಲ್ಲ. ರೋಮು, ಬರ್ಲಿನ್ನು, ಬ್ರಸೆಲ್ಸಿಗೆ ಹೋಗುವಷ್ಟು ಹಣ ನಮ್ಮ ಪಕ್ಷದ ಕಚೇರಿಯಲ್ಲಿ ಇಲ್ಲ. ನಾನು ಕಲಾಪಂಡಿತನೂ ಅಲ್ಲ. ಮೆಟ್ರಿಕ್ ಓದಿ ಕೆಲವು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವನು. ತರಗತಿಗೆ ಕಾಲಿಟ್ಟ ಕೂಡಲೇ ಯಾವ ಮಗುವಿನ ಕೈಯಲ್ಲಿ ಬಳಪ ಇದೆ, ಯಾವ ಮಗುವಿನ ಕೈಯಲ್ಲಿ ಇಲ್ಲ ಎಂದು ನೋಡುವುದು ಮೇಷ್ಟ್ರ ಅಭ್ಯಾಸ. ಚಿತ್ರಗಳನ್ನೂ ನಾನು ಹಾಗೆಯೇ ನೋಡುತ್ತೇನೆ. ದೌತಿ ಯಾರ ಮುಂದಿದೆ? ಯಾರ ಮುಂದೆ ಇಲ್ಲ? ಈ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನನ್ನ ಜೊತೆ ಬನ್ನಿ.

ಮಸಿ ಎಂಬುದು ಏನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅತಿ ಹಳೆಯ ಮಸಿ ಎಂದರೆ ದೀಪದ ಕಾಡಿಗೆಯನ್ನು ಅಂಟಿನಲ್ಲಿ ಕಲಸಿದ್ದು. ಯೂರೋಪಿನಲ್ಲಿ ಶತಮಾನಗಳ ಕಾಲ ನಡೆದದ್ದು ಬೇರೊಂದು ಮಸಿ. ಓಕ್ ಮರದ ಮೇಲೆ ಹುಳ ಕಟ್ಟುವ ಗಂಟುಗಳನ್ನು ಕುಟ್ಟಿ ನೆನೆಹಾಕಿ, ಅದಕ್ಕೆ ಅನ್ನಭೇದಿ ಬೆರೆಸಿ, ಗೋಂದು ಸೇರಿಸುತ್ತಿದ್ದರು. ಬಣ್ಣದ ಖಾತೆಯ ಗೆಳೆಯರಿಗೆ ಇದು ಹೊಸದಲ್ಲ. ಅಳಲೆಕಾಯಿಯ ಒಗರನ್ನೂ ಅನ್ನಭೇದಿಯನ್ನೂ ಕೂಡಿಸಿ ಬಟ್ಟೆಗೆ ಕಪ್ಪು ಹಿಡಿಸುವ ನಮ್ಮ ಹಳೆಯ ಬಣ್ಣಗಾರರ ವಿದ್ಯೆಯೂ ಇದೇ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ರಾಜರ ಶಾಸನವನ್ನು ಬರೆದ ಮಸಿಯೂ, ಬಡವನ ಪಂಚೆಯ ಅಂಚಿನ ಕಪ್ಪೂ ಒಂದೇ ಕುಲದವು. ಭೇದ ಮಸಿಯಲ್ಲಿಲ್ಲ, ದೌತಿ ಯಾರ ಕೈಯಲ್ಲಿದೆ ಎಂಬುದರಲ್ಲಿದೆ.

ಮೊದಲನೆಯ ಚಿತ್ರ ಈಜಿಪ್ಟ್ ದೇಶದ್ದು. ಸುಮಾರು ೪,೬೦೦ ವರ್ಷಗಳ ಹಿಂದೆ ಸಕ್ಕಾರಾ ಎಂಬಲ್ಲಿ ಹೆಸಿರೇ ಎಂಬ ದೊಡ್ಡ ಅಧಿಕಾರಿಯ ಗೋರಿಯಲ್ಲಿಟ್ಟ ಮರದ ಹಲಗೆಗಳು ಕೈರೋ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಇವನು ರಾಜನ ಬರಹಗಾರರಿಗೆಲ್ಲ ಮುಖ್ಯಸ್ಥ. ಅವನ ಬಳಿ ಇರುವ ಸಾಮಾನು ನೋಡಿ: ಒಂದು ಹಲಗೆ, ಅದರಲ್ಲಿ ಎರಡು ಕುಳಿ, ಒಂದು ಕಪ್ಪು ಮಸಿಗೆ, ಒಂದು ಕೆಂಪು ಮಸಿಗೆ. ಜೊತೆಗೆ ಒಂದು ಚೀಲ, ಜೊಂಡಿನ ಲೇಖನಿ ಇಡುವ ಕೊಳವೆ. ಈಜಿಪ್ಟಿನ ಚಿತ್ರಲಿಪಿಯಲ್ಲಿ ಬರಹಗಾರ ಎಂದು ಬರೆಯಬೇಕಾದರೆ ಈ ಸಾಮಾನಿನ ಚಿತ್ರವನ್ನೇ ಬರೆಯುತ್ತಿದ್ದರು. ಮನುಷ್ಯನ ಗುರುತೇ ಅವನ ದೌತಿಯಾಯಿತು.

ಈ ದೌತಿ ಮಾಡುತ್ತಿದ್ದ ಕೆಲಸವೇನು? ಅದಕ್ಕೆ ಅದೇ ದೇಶದ ಇನ್ನೊಂದು ಗೋರಿಯನ್ನು ನೋಡಬೇಕು. ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಲಕ್ಸರ್ ಊರಿನ ಎದುರಿಗೆ, ಮೆನ್ನಾ ಎಂಬ ಭೂಮಾಪನದ ಅಧಿಕಾರಿಯ ಗೋರಿ ಇದೆ. ಇದು ಕ್ರಿಸ್ತಪೂರ್ವ ೧೪೦೦ರ ಸುಮಾರಿನದು. ಗೋಡೆಯ ತುಂಬ ಸುಗ್ಗಿಯ ಚಿತ್ರ. ಹಗ್ಗ ಹಿಡಿದು ಹೊಲ ಅಳೆಯುತ್ತಿದ್ದಾರೆ. ಧಾನ್ಯದ ರಾಶಿಯ ಬಳಿ ಗುಮಾಸ್ತರು ಬರೆದುಕೊಳ್ಳುತ್ತಿದ್ದಾರೆ. ಅಧಿಕಾರಿಯ ಎದುರಿಗೆ ಒಬ್ಬ ರೈತನನ್ನು ಕೆಡವಿ ಹೊಡೆಯುತ್ತಿದ್ದಾರೆ. ಅಲ್ಲೇ ಒಂದು ಮೂಲೆಯಲ್ಲಿ ತೆನೆ ಆಯುವ ಇಬ್ಬರು ಹುಡುಗಿಯರು ಜುಟ್ಟು ಹಿಡಿದು ಜಗಳವಾಡುತ್ತಾರೆ; ಇನ್ನೊಬ್ಬಳು ಗೆಳತಿಯ ಅಂಗಾಲಿನ ಮುಳ್ಳು ತೆಗೆಯುತ್ತಿದ್ದಾಳೆ. ಗೋರಿ ಅಧಿಕಾರಿಯದು, ಗೋಡೆ ಅಧಿಕಾರಿಯದು. ಆದರೂ ಬರೆದ ಕೂಲಿ ಚಿತ್ರಕಾರನ ಕಣ್ಣು ಆ ಮುಳ್ಳನ್ನು ಬಿಡಲಿಲ್ಲ. ಬರೆಯುವವನು, ಹೊಡೆಯುವವನು, ಹೊಡೆಸಿಕೊಳ್ಳುವವನು, ಈ ಮೂವರನ್ನೂ ಒಂದೇ ಗೋಡೆಯ ಮೇಲೆ ೩,೪೦೦ ವರ್ಷಗಳ ಹಿಂದೆಯೇ ಒಬ್ಬ ಕೂಲಿಕಾರ ತೋರಿಸಿದ್ದಾನೆ.

ಎರಡನೆಯ ಚಿತ್ರಕ್ಕೆ ಬನ್ನಿ. ಈಗ ನಾವು ಇಟಲಿ ದೇಶದ ಫ್ಲಾರೆನ್ಸ್ ನಗರಕ್ಕೆ, ೧೪೮೦ರ ಆಚೀಚಿನ ಕಾಲಕ್ಕೆ ಬಂದಿದ್ದೇವೆ. ಬರೆದವನು ಬೊಟ್ಟಿಚೆಲ್ಲಿ. ಇವನ ತಂದೆ ಚರ್ಮ ಹದಮಾಡುವ ಕಸುಬಿನವನು. ಚಿತ್ರ ದುಂಡಗಿದೆ, ಅಡ್ಡಗಲ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ, ಚಿನ್ನದ ರೇಖೆಗಳು ಧಾರಾಳ. ನಡುವೆ ಮೇರಿ, ತೊಡೆಯ ಮೇಲೆ ಯೇಸು ಮಗು, ಸುತ್ತ ದೇವದೂತರು. ಒಬ್ಬ ದೇವದೂತ ದೌತಿ ಹಿಡಿದಿದ್ದಾನೆ. ಮೇರಿ ಅದರಲ್ಲಿ ಲೇಖನಿ ಅದ್ದುತ್ತಿದ್ದಾಳೆ. ತಾಯಿ ಬರೆಯುತ್ತಿದ್ದಾಳೆ! ಮಗುವಿನ ಕೈ ಅವಳ ತೋಳಿನ ಮೇಲಿದೆ.

ಅವಳು ಬರೆಯುತ್ತಿರುವುದು ಏನು? ಬೈಬಲ್ಲಿನಲ್ಲಿ ಮೇರಿ ಹಾಡಿದಳು ಎನ್ನಲಾದ ಹಾಡು. ಬಡಗಿಯೊಬ್ಬನಿಗೆ ನಿಶ್ಚಯವಾದ ಸಾಮಾನ್ಯ ಹುಡುಗಿಯ ಹಾಡು ಅದು. ಅದರ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಬಲವಂತರ ಗದ್ದುಗೆ ಉರುಳುವುದು, ದೀನರು ಮೇಲೇಳುವರು, ಹಸಿದವರಿಗೆ ಊಟ ಸಿಗುವುದು, ಉಳ್ಳವರು ಬರಿಗೈಯಲ್ಲಿ ಹೋಗುವರು ಎಂದು. ಫ್ಲಾರೆನ್ಸ್ ಆಗ ಬ್ಯಾಂಕು ಸಾಹುಕಾರರ ಊರು. ಅಂಥ ಊರಿನಲ್ಲಿ ಚಿನ್ನ ಬಳಿದ ಚಿತ್ರದಲ್ಲಿ ಒಬ್ಬ ಹೆಣ್ಣುಮಗಳು ಮಸಿ ಅದ್ದಿ ಇಂಥ ಹಾಡನ್ನು ಬರೆಯುತ್ತಾಳೆ. ಸಾಹುಕಾರರು ಚಿನ್ನ ನೋಡಿದರೋ ಹಾಡು ಓದಿದರೋ, ಬಲ್ಲವರು ಯಾರು? ಈ ಚಿತ್ರ ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿದೆ. ನಮ್ಮ ಶಾಲೆಗೆ ಬರುವ ತಾಯಂದಿರಿಗೆ ಒಂದು ಮಾತು ಹೇಳುತ್ತೇನೆ. ಮಗು ತೊಡೆಯ ಮೇಲಿದ್ದರೆ ಬರೆಯಲು ಆಗುವುದಿಲ್ಲ ಎನ್ನುತ್ತೀರಿ. ಈ ಚಿತ್ರವನ್ನು ಸ್ವಲ್ಪ ಹತ್ತಿರ ಬಂದು ನೋಡಿ ಹೋಗಿ. ಆದರೆ ಗಂಡಸರೂ ನೋಡಬೇಕು: ಅವಳಿಗೆ ದೌತಿ ಹಿಡಿಯಲು ಪಕ್ಕದಲ್ಲಿ ಒಬ್ಬರಿದ್ದಾರೆ.

ಮೂರನೆಯದು, ವ್ಯಾಪಾರಿ ಬಂಧುಗಳೇ, ನಿಮ್ಮ ಚಿತ್ರ. ೧೫೩೨ರಲ್ಲಿ ಹಾಲ್ಬೈನ್ ಎಂಬ ಜರ್ಮನ್ ಚಿತ್ರಕಾರ ಲಂಡನ್ನಿನಲ್ಲಿ ಬರೆದದ್ದು. ಕುಳಿತಿರುವವನು ಗಿಯಾರ್ಗ್ ಗಿಸ್ಸೆ, ವಯಸ್ಸು ೩೪, ಇಂದಿನ ಪೋಲೆಂಡಿಗೆ ಸೇರಿದ ಡಾನ್ಜಿಗ್ ಊರಿನವನು. ಜರ್ಮನ್ ವರ್ತಕರ ಸಂಘದ ಕೋಠಿ ಲಂಡನ್ನಿನಲ್ಲಿತ್ತು. ಅಲ್ಲಿ ಇವನ ವ್ಯಾಪಾರ. ಮೇಜಿನ ಮೇಲೆ ತುರ್ಕಿ ಬಗೆಯ ಜಮಖಾನೆ. ಅದರ ಮೇಲೆ ಸೀಸ ತವರದ ಬರವಣಿಗೆಯ ಪೆಟ್ಟಿಗೆ, ಗರಿಯ ಲೇಖನಿಗಳು, ನಾಣ್ಯ, ಮುದ್ರೆ. ಗೋಡೆಯಲ್ಲಿ ಪಟ್ಟಿಗೆ ಸಿಕ್ಕಿಸಿದ ಕಾಗದಗಳು, ಬೀಗದ ಕೈಗಳು, ತೂಗುಬಿಟ್ಟ ತಕ್ಕಡಿ, ದಾರದ ಉಂಡೆ. ಕೈಯಲ್ಲಿ ತಮ್ಮಂದಿರಿಂದಲೋ ಅಣ್ಣನಿಂದಲೋ ಬಂದ ಪತ್ರ. ನಮ್ಮ ಪೇಟೆಯ ಯಾವುದೇ ಅಂಗಡಿಯ ಒಳಕೋಣೆಯನ್ನು ನೋಡಿದ ಹಾಗೆಯೇ ಇದೆ ಅಲ್ಲವೇ?

ಅದಕ್ಕೂ ಹಿಂದೆ ಭಾವಚಿತ್ರ ಎಂದರೆ ಹೆಚ್ಚಾಗಿ ರಾಜನದು, ಪಾದ್ರಿಯದು, ಶ್ರೀಮಂತ ಪ್ರಭುವಿನದು. ಕೈಯಲ್ಲಿ ಕತ್ತಿಯೋ ಜಪದ ಪುಸ್ತಕವೋ. ಇಲ್ಲಿ ವರ್ತಕ ತನ್ನ ದೌತಿಯ ಮುಂದೆ ಕುಳಿತು, ಇದೇ ನನ್ನ ಆಯುಧ ಎಂದು ನಾಚಿಕೆಯಿಲ್ಲದೆ ತೋರಿಸುತ್ತಾನೆ. ಕಾಲ ಬದಲಾಯಿತು ಎನ್ನುವುದು ಆ ಮೇಜಿನ ಮೇಲೆ ಕಾಣುತ್ತದೆ. ಆದರೆ ಹಾಲ್ಬೈನ್ ಚತುರ. ಮೇಜಿನ ಅಂಚಿನ ಹತ್ತಿರವೇ ತೆಳುವಾದ ಗಾಜಿನ ಹೂದಾನಿ ಇಟ್ಟಿದ್ದಾನೆ. ಒಂದು ಮೊಣಕೈ ತಗುಲಿದರೆ ಚೂರು. ವ್ಯಾಪಾರವೂ ಹಾಗೆಯೇ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಕಿರ್ದಿಯನ್ನು ನೀವೇ ಬರೆಯುತ್ತೀರಿ; ದೀಪಾವಳಿಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೀರಿ. ಆದರೆ ದೊಡ್ಡ ಸಗಟು ಮಳಿಗೆಯ ಖಾತೆಯಲ್ಲಿ ನಿಮ್ಮ ಹೆಸರಿನ ಎದುರಿಗೆ ಏನು ಬರೆದಿದೆ ಎಂಬುದನ್ನು ಎಷ್ಟು ಜನ ಓದಿದ್ದೀರಿ? ಅಲ್ಲಿ ನೀವೂ ಹೆಬ್ಬೆಟ್ಟಿನವರೇ.

ನಾಲ್ಕನೆಯದು ರೋಮ್ ನಗರದ ಒಂದು ಚರ್ಚಿನ ಕತ್ತಲ ಮೂಲೆಯಲ್ಲಿದೆ. ಕಾರವಾಜ್ಜೋ ಎಂಬ ಚಿತ್ರಕಾರ ೧೫೯೯–೧೬೦೦ರಲ್ಲಿ ಬರೆದದ್ದು. ಬೈಬಲ್ಲಿನಲ್ಲಿ ಮತ್ತಾಯ ಎಂಬ ಸುಂಕದ ಅಧಿಕಾರಿಯನ್ನು ಯೇಸು ಕರೆದ ಕಥೆ ಇದೆ. ಐದು ಜನ ಮೇಜಿನ ಸುತ್ತ ಕುಳಿತಿದ್ದಾರೆ. ಮೇಜಿನ ಮೇಲೆ ನಾಣ್ಯ, ಲೆಕ್ಕದ ಪುಸ್ತಕ, ಮಸಿಯ ದೌತಿ. ಬಲಗಡೆಯಿಂದ ಯೇಸು ಕೈಚಾಚಿ ಕರೆಯುತ್ತಾನೆ. ಅವನ ಹಿಂದಿನಿಂದಲೇ ಬೆಳಕು ಗೋಡೆಗೆ ಬೀಳುತ್ತದೆ. ಇಬ್ಬರು ಹುಡುಗರು ತಿರುಗಿ ನೋಡುತ್ತಾರೆ. ತುದಿಯಲ್ಲಿ ಕುಳಿತ ಯುವಕ ಮಾತ್ರ ತಲೆ ಎತ್ತುವುದಿಲ್ಲ. ನಾಣ್ಯ ಎಣಿಸುತ್ತಲೇ ಇದ್ದಾನೆ. ಅವನ ಪಕ್ಕದ ಮುದುಕ ಕನ್ನಡಕ ಸರಿಮಾಡಿಕೊಂಡು ಆ ನಾಣ್ಯವನ್ನೇ ನೋಡುತ್ತಾನೆ. ಕರೆ ಬಂದಾಗಲೂ ಲೆಕ್ಕದಿಂದ ತಲೆ ಎತ್ತದವರನ್ನು ನಾವು ಬಲ್ಲೆವು. ಕಚೇರಿಗಳಲ್ಲಿ ನೋಡಿದ್ದೇವೆ, ನಿಜ ಹೇಳಬೇಕೆಂದರೆ ಕನ್ನಡಿಯಲ್ಲೂ ನೋಡಿದ್ದೇವೆ.

ಮತ್ತಾಯ ಸುಂಕದ ಮೇಜನ್ನು ಬಿಟ್ಟು ಎದ್ದ. ಮುಂದೆ ಅವನು ಮತ್ತೆ ಲೇಖನಿ ಹಿಡಿದ, ಈ ಸಲ ಸುಂಕಕ್ಕಲ್ಲ, ಯೇಸುವಿನ ಕಥೆ ಬರೆಯಲು, ಎಂದು ಕ್ರೈಸ್ತರ ನಂಬಿಕೆ. ಆ ದೃಶ್ಯವನ್ನೂ ಅದೇ ಚರ್ಚಿಗಾಗಿ ೧೬೦೨ರಲ್ಲಿ ಕಾರವಾಜ್ಜೋ ಬರೆದ. ಅವನು ಬರೆದ ಮತ್ತಾಯ ಹೇಗಿದ್ದ ಗೊತ್ತೇ? ಕೂಲಿಯಾಳಿನಂತೆ ಗಟ್ಟಿ ಮೈ, ಬರಿಗಾಲು, ಕಾಲಿನ ಮೇಲೆ ಕಾಲು ಹಾಕಿ ಕುಳಿತಿದ್ದಾನೆ. ಪುಸ್ತಕವನ್ನು ನೋಡುವ ನೋಟದಲ್ಲೇ ಬೆರಗು. ಲೇಖನಿ ಹಿಡಿಯಲು ಬಾರದ ಆ ದಪ್ಪ ಕೈಯನ್ನು ದೇವದೂತ ಹಿಡಿದು ತಿದ್ದಿಸುತ್ತಿದ್ದಾನೆ. ಗೆಳೆಯರೇ, ಇದು ರಾತ್ರಿ ಶಾಲೆಯ ಚಿತ್ರ! ಮೊದಲ ದಿನ ನಿಮ್ಮಲ್ಲಿ ಎಷ್ಟೋ ಜನರ ಕೈಯನ್ನು ನಾನು ಹೀಗೆಯೇ ಹಿಡಿದಿದ್ದೇನೆ. ಮಗ್ಗದ ಲಾಳಿ ಹಿಡಿದ ಕೈ ಬಳಪ ಹಿಡಿದರೆ ಬಳಪ ಮುರಿಯುತ್ತದೆ, ಕೈ ನಡುಗುತ್ತದೆ.

ಆ ಚಿತ್ರವನ್ನು ಪಾದ್ರಿಗಳು ಬೇಡವೆಂದರು. ಸಂತನಿಗೆ ತಕ್ಕ ಗಾಂಭೀರ್ಯ ಇಲ್ಲ, ಒರಟು ಕಾಲು ಜನರಿಗೆ ಕಾಣುತ್ತದೆ ಎಂಬುದು ಆಕ್ಷೇಪಣೆ ಎಂದು ಅದೇ ಶತಮಾನದ ಚರಿತ್ರಕಾರ ಬೆಲ್ಲೋರಿ ಬರೆದಿಟ್ಟಿದ್ದಾನೆ. ಕಾರವಾಜ್ಜೋ ಇನ್ನೊಂದು ಚಿತ್ರ ಬರೆದುಕೊಟ್ಟ. ಅದರಲ್ಲಿ ಮತ್ತಾಯ ನಿಲುವಂಗಿ ತೊಟ್ಟ ವಿದ್ವಾಂಸ. ದೇವದೂತ ಕೈ ಮುಟ್ಟುವುದಿಲ್ಲ, ಮೇಲಿನಿಂದ ಬೆರಳೆಣಿಸಿ ಹೇಳುತ್ತಾನೆ. ಅದು ಒಪ್ಪಿಗೆಯಾಯಿತು, ಈಗಲೂ ಚರ್ಚಿನಲ್ಲಿದೆ. ಮೊದಲನೆಯದನ್ನು ಒಬ್ಬ ಶ್ರೀಮಂತ ಕೊಂಡುಕೊಂಡ; ಕಾಲಾಂತರದಲ್ಲಿ ಅದು ಬರ್ಲಿನ್ ಸೇರಿತು. ೧೯೪೫ರಲ್ಲಿ, ಯುದ್ಧದ ಕೊನೆಯಲ್ಲಿ, ಸುರಕ್ಷಿತವಾಗಿರಲೆಂದು ಇಟ್ಟಿದ್ದ ಗೋಪುರಕ್ಕೆ ಬೆಂಕಿ ಬಿದ್ದು ಸುಟ್ಟುಹೋಯಿತು. ಹಗ್ಗದ ಮೇಲೆ ಕಪ್ಪು ಬಿಳುಪಾಗಿ ಕಾಣುವುದು ಹಳೆಯ ಛಾಯಾಚಿತ್ರದ ಪ್ರತಿ. ಇಷ್ಟೇ ಉಳಿದಿದೆ. ಬರೆಯಲು ಕಲಿಯುತ್ತಿದ್ದ ಬರಿಗಾಲಿನವನಿಗೆ ಮೊದಲು ಚರ್ಚಿನಲ್ಲಿ ಜಾಗ ಸಿಗಲಿಲ್ಲ, ಆಮೇಲೆ ಲೋಕದಲ್ಲೇ ಸಿಗಲಿಲ್ಲ.

ಐದನೆಯ ಚಿತ್ರ ನೋಡಿ ನೀವು ನಗಬಹುದು. ಬೆಲ್ಜಿಯಂ ದೇಶದ ಕಿರಿಯ ಬ್ರೂಗೆಲ್ ಬರೆದದ್ದು. ೧೬೧೫ರಿಂದ ಮುಂದೆ ಇದನ್ನು ಅವನೂ ಅವನ ಕಾರ್ಖಾನೆಯವರೂ ಮತ್ತೆ ಮತ್ತೆ ಬರೆದು ಮಾರಿದರು. ಹೆಸರು ಹಳ್ಳಿಯ ವಕೀಲ. ಕೆಲವರು ತೆರಿಗೆ ಕಚೇರಿ ಎನ್ನುತ್ತಾರೆ. ಒಂದು ಕೋಣೆ. ಎಲ್ಲಿ ನೋಡಿದರೂ ಕಾಗದ. ಗೋಡೆಯಲ್ಲಿ ಕಾಗದದ ಚೀಲ, ಮೇಜಿನ ಮೇಲೆ ಕಾಗದದ ರಾಶಿ, ನೆಲದ ಮೇಲೆ ಹರಿದ ಕಾಗದ. ಮೇಜಿನ ಹಿಂದೆ ಟೊಪ್ಪಿಗೆ ತೆಗೆಯದ ವಕೀಲ ಒಂದು ಪತ್ರ ಓದುತ್ತಿದ್ದಾನೆ. ಬಾಗಿಲ ಬಳಿ ಗುಮಾಸ್ತ ಬಗ್ಗಿ ಬರೆಯುತ್ತಿದ್ದಾನೆ. ಅವರ ಮುಂದೆ ಹಳ್ಳಿಯ ಜನ ಸಾಲಾಗಿ ನಿಂತಿದ್ದಾರೆ. ಟೊಪ್ಪಿಗೆ ಕೈಯಲ್ಲಿದೆ, ಬೆನ್ನು ಬಾಗಿದೆ. ಒಬ್ಬರ ಬುಟ್ಟಿಯಲ್ಲಿ ಮೊಟ್ಟೆ, ಒಬ್ಬರ ಕೈಯಲ್ಲಿ ಕೋಳಿ. ಲೇಖನಿ ಒಂದು ಕಡೆ, ಕೋಳಿ ಇನ್ನೊಂದು ಕಡೆ. ತಹಸೀಲು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ವಿವರಣೆ ಬೇಡ. ನಾಲ್ಕು ನೂರು ವರ್ಷವಾಯಿತು, ಕೋಳಿ ಹೋಗಿ ಲಕೋಟೆ ಬಂದಿದೆ.

ಈ ಚಿತ್ರದ ಬಗ್ಗೆ ಒಂದು ತಮಾಷೆ. ಇದರ ಒಂದು ಪ್ರತಿ ಫ್ರಾನ್ಸಿನ ಒಂದು ಮನೆಯಲ್ಲಿ ಬಾಗಿಲ ಹಿಂದೆ ತೂಗಿತ್ತು. ಮನೆಯವರು ನಕಲಿ ಎಂದುಕೊಂಡಿದ್ದರು. ೨೦೨೩ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದು ೭ ಲಕ್ಷ ೮೦ ಸಾವಿರ ಯೂರೋಗೆ ಹೋಯಿತು. ಮೊಟ್ಟೆಯ ಬುಟ್ಟಿ ಹಿಡಿದು ನಡುಗುತ್ತಾ ನಿಂತ ಆ ಹೆಂಗಸಿಗೆ ಇದು ತಿಳಿದರೆ ಏನೆನ್ನುವಳೋ!

ಆರನೆಯದು, ಕೊನೆಯ ಚಿತ್ರ. ಪತ್ರಿಕೆ ನಡೆಸುವ ನಮ್ಮಂಥವರು ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಮಾರಾ ಎಂಬ ವೈದ್ಯ ೧೭೮೯ರಲ್ಲಿ ಜನಮಿತ್ರ ಎಂಬ ಅರ್ಥದ ಹೆಸರಿನ ಪತ್ರಿಕೆ ತೆಗೆದ. ಅವನಿಗೆ ಕಠಿಣವಾದ ಚರ್ಮರೋಗ. ಉರಿ ತಾಳಲಾರದೆ ನೀರಿನ ತೊಟ್ಟಿಯಲ್ಲಿ ಕುಳಿತೇ ಬರೆಯುತ್ತಿದ್ದ. ೧೭೯೩ರ ಜುಲೈ ೧೩ರಂದು ಶಾರ್ಲೊಟ್ ಕೋರ್ಡೆ ಎಂಬ ತರುಣಿ ಭೇಟಿ ಕೇಳಿ ಒಳಗೆ ಬಂದು ಚೂರಿಯಿಂದ ಇರಿದು ಕೊಂದಳು. ಅವನ ಗೆಳೆಯ ದಾವೀದ್ ಅದೇ ವರ್ಷ ಈ ಚಿತ್ರ ಬರೆದ. ಇದು ಬ್ರಸೆಲ್ಸ್ ನಗರದ ಸಂಗ್ರಹಾಲಯದಲ್ಲಿದೆ.

ನೋಡಿ, ಅರ್ಧ ಚಿತ್ರ ಬರಿಯ ಗೋಡೆ. ತೊಟ್ಟಿಯ ಪಕ್ಕದಲ್ಲಿ ಮೇಜಿಲ್ಲ. ಸಾಮಾನು ತುಂಬುವ ಒರಟು ಮರದ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಅದರ ಮೇಲೆ ದೌತಿ, ಒಂದು ಗರಿ, ಒಂದು ಚೀಟಿ, ಒಂದು ನೋಟು. ಐದು ಮಕ್ಕಳ ತಾಯಿಗೆ, ದೇಶಕ್ಕಾಗಿ ಸತ್ತ ಸೈನಿಕನ ಹೆಂಡತಿಗೆ, ಈ ಹಣ ಕೊಡಬೇಕೆಂದು ಚೀಟಿಯಲ್ಲಿದೆ. ಕೆಳಗೆ ಜಾರಿದ ಕೈಯಲ್ಲಿ ಇನ್ನೂ ಲೇಖನಿ. ಅದರ ಹತ್ತಿರವೇ ನೆಲದ ಮೇಲೆ ಚೂರಿ. ಗಿಸ್ಸೆಯ ಜಮಖಾನೆ ಎಲ್ಲಿ, ಈ ಪೆಟ್ಟಿಗೆ ಎಲ್ಲಿ! ಮೊದಲು ರಾಜನ ಗುಮಾಸ್ತನ ಬಳಿ, ವರ್ತಕನ ಬಳಿ, ವಕೀಲನ ಬಳಿ ಇದ್ದ ದೌತಿ ಇಲ್ಲಿ ಜನರ ಹೆಸರಿನಲ್ಲಿ ಬರೆಯುವವನ ಮುಂದೆ, ಗುಜರಿ ಪೆಟ್ಟಿಗೆಯ ಮೇಲೆ ಇದೆ. ಚಿತ್ರಕಾರ ತನ್ನ ಹೆಸರನ್ನೂ ಸತ್ತವನ ಹೆಸರನ್ನೂ ಆ ಪೆಟ್ಟಿಗೆಯ ಮೇಲೆಯೇ ಬರೆದ.

ಆದರೆ ಮರೆಮಾಚಬಾರದು. ಮಾರಾ ತನ್ನ ಪತ್ರಿಕೆಯಲ್ಲಿ ವಿರೋಧಿಗಳ ತಲೆ ಬೀಳಲಿ ಎಂದು ಪದೇ ಪದೇ ಬರೆದವನು. ಆ ಮಸಿಯಿಂದಲೂ ರಕ್ತ ಹರಿಯಿತು. ದೌತಿ ಜನರ ಕಡೆ ಬಂದ ಮಾತ್ರಕ್ಕೆ ಬರೆದದ್ದೆಲ್ಲ ನ್ಯಾಯವಾಗುವುದಿಲ್ಲ. ಇನ್ನು ಅದೇ ದಾವೀದ್ ಹತ್ತೊಂಬತ್ತು ವರ್ಷಗಳ ಮೇಲೆ, ೧೮೧೨ರಲ್ಲಿ, ನೆಪೋಲಿಯನ್ ಚಕ್ರವರ್ತಿಯ ಚಿತ್ರ ಬರೆದ. ಅಲ್ಲಿ ಸಿಂಹದ ಕಾಲಿನ ಚಿನ್ನದ ಮೇಜು, ಲೇಖನಿ, ಕಾನೂನಿನ ಕಾಗದ; ಗಡಿಯಾರದಲ್ಲಿ ಬೆಳಗಿನ ಜಾವ ನಾಲ್ಕು ದಾಟಿದೆ, ಮೇಣದ ಬತ್ತಿ ಮುಗಿಯುತ್ತಿದೆ. ಪ್ರಭು ಪ್ರಜೆಗಳಿಗಾಗಿ ನಿದ್ದೆಗೆಟ್ಟು ಬರೆಯುತ್ತಾನೆ ಎಂದು ಹೇಳುವ ಚಿತ್ರ. ಗುಜರಿ ಪೆಟ್ಟಿಗೆಯಿಂದ ಚಿನ್ನದ ಮೇಜಿಗೆ ಹತ್ತೊಂಬತ್ತೇ ವರ್ಷ. ದೌತಿ ಒಮ್ಮೆ ನಮ್ಮ ಕಡೆ ಬಂದರೆ ನಮ್ಮಲ್ಲೇ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಕಾಯುತ್ತಿರಬೇಕು.

ನಮ್ಮ ದೇಶದಲ್ಲಿ ಇಂಥ ಚಿತ್ರಗಳಿಲ್ಲವೇ ಎಂದು ಕೇಳುವಿರಿ. ಇವೆ. ಆದರೆ ನಮ್ಮ ದಕ್ಷಿಣದ ಬರಹದ ದಾರಿ ಬೇರೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಆಮೇಲೆ ಕಾಡಿಗೆ ಸವರಿ ಒರೆಸುತ್ತಿದ್ದರು. ನಮ್ಮಲ್ಲಿ ಬರಹ ಮೊದಲು, ಮಸಿ ಆಮೇಲೆ. ಕನ್ನಡ ನಾಡಿನ ವ್ಯಾಪಾರಿಗಳು ಕಡತದಲ್ಲಿ ಲೆಕ್ಕ ಇಟ್ಟರು: ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುವುದು. ದೌತಿಯ ಗೊಡವೆಯೇ ಇಲ್ಲ. ಕಚೇರಿಯಲ್ಲಿ ಇಂದು ಕಡತ ಎಂದರೆ ಮುಂದೆ ಸರಿಯದ ಕಾಗದದ ಕಟ್ಟು. ಆ ಹೆಸರು ಆ ಬಟ್ಟೆಯಿಂದ ಬಂದದ್ದು. ಉತ್ತರದಲ್ಲಿ ಮೊಗಲರ ಕಾಲಕ್ಕೆ ದವಾತು ಬಂತು. ನಮ್ಮ ಬಾಯಲ್ಲಿ ದೌತಿಯಾಯಿತು. ಜಹಾಂಗೀರ್ ಬಾದಶಹನ ಅಪ್ಪಣೆಯಂತೆ ದೌಲತ್ ಎಂಬ ಚಿತ್ರಕಾರ ೧೬೧೦ರ ಸುಮಾರಿಗೆ ಒಂದು ಅಮೂಲ್ಯ ಗ್ರಂಥದ ಕೊನೆಯ ಪುಟದಲ್ಲಿ ಒಂದು ಚಿತ್ರ ಬರೆದ. ಆ ಗ್ರಂಥದ ಅಕ್ಷರ ಬರೆದ ಅಬ್ದುಲ್ ರಹೀಮನೂ ತಾನೂ ಎದುರುಬದರಾಗಿ ಕುಳಿತು ಕೆಲಸ ಮಾಡುವ ಚಿತ್ರ ಅದು. ಗ್ರಂಥ ಈಗ ಲಂಡನ್ನಿನಲ್ಲಿದೆ. ಪುಸ್ತಕ ಬಾದಶಹನದು, ಕೊನೆಯ ಪುಟ ಮಾತ್ರ ಇಬ್ಬರು ಕೆಲಸಗಾರರದು.

ಇನ್ನು ಎಲ್ಲರಿಗೂ ಗೊತ್ತಿರುವ ದೌತಿ ಒಂದಿದೆ. ಯಮನ ಪಕ್ಕದಲ್ಲಿ ಲೇಖನಿ, ಮಸಿಪಾತ್ರೆ ಹಿಡಿದು ಕುಳಿತ ಚಿತ್ರಗುಪ್ತನದು. ನಮ್ಮ ಪಾಪಪುಣ್ಯವೆಲ್ಲ ಅವನ ಪುಸ್ತಕದಲ್ಲಿದೆ ಎಂದು ಹಿರಿಯರು ಹೆದರಿಸಿದರು. ಆ ಪುಸ್ತಕವನ್ನು ತೆರೆದು ತೋರಿಸು ಎಂದು ಕೇಳಿದವರ ಕಥೆ ನನಗೆ ಯಾರೂ ಹೇಳಲಿಲ್ಲ. ಸಾವಕಾರನ ಖಾತೆಯ ಮುಂದೆ ನನ್ನ ಅಜ್ಜ ಕೈಕಟ್ಟಿ ನಿಂತದ್ದು ಆ ಅಭ್ಯಾಸದಿಂದಲೇ ಇರಬೇಕು.

ಗೆಳೆಯರೇ, ಈಗ ದೌತಿ ಮೇಜಿನಿಂದ ಮಾಯವಾಗಿದೆ. ಲೆಕ್ಕ ಯಂತ್ರದೊಳಗೆ ಹೋಗಿದೆ. ಪಡಿತರ ಅಂಗಡಿಯಲ್ಲಿ ಮತ್ತೆ ಹೆಬ್ಬೆಟ್ಟು ಒತ್ತುತ್ತೇವೆ, ಗಾಜಿನ ಮೇಲೆ, ಮಸಿಯಿಲ್ಲದೆ. ಒರೆಸಿಕೊಳ್ಳಲು ಕಂಬ ಬೇಕಿಲ್ಲ. ಆದರೆ ಪ್ರಶ್ನೆ ಹಳೆಯದೇ: ಒಳಗೆ ಏನು ಬರೆದಿದೆ, ಓದಿದವರು ಯಾರು?

ಮಸಿ ಬೆರಳಿಗೆ ತಾಗುವ ಜಾಗ ಒಂದು ಉಳಿದಿದೆ. ಮತದ ದಿನ ಎಡಗೈ ಬೆರಳಿಗೆ ಹಚ್ಚುವ ಗುರುತು. ಅದು ನಮ್ಮ ನಾಡಿನದೇ ಮಸಿ. ಮೈಸೂರಿನಲ್ಲಿ ೧೯೩೭ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್, ೧೯೬೨ರ ಚುನಾವಣೆಯಿಂದ ಇಡೀ ದೇಶಕ್ಕೆ ಇದನ್ನು ಮಾಡಿಕೊಡುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕು ಬಿದ್ದಂತೆ ಕಪ್ಪಾಗುತ್ತದೆ, ಒರೆಸಿದರೆ ಹೋಗುವುದಿಲ್ಲ. ಆ ದಿನ ಗಿರಣಿಯ ಮಾಲೀಕರ ಬೆರಳಿಗೂ, ಕಸ ಗುಡಿಸುವ ತಾಯಿಯ ಬೆರಳಿಗೂ ಒಂದೇ ಶೀಶೆಯಿಂದ ಒಂದೇ ಕಡ್ಡಿಯಲ್ಲಿ ಹಚ್ಚುತ್ತಾರೆ. ಅಜ್ಜನ ಹೆಬ್ಬೆಟ್ಟಿನ ಮಸಿ ಹೊಲ ತೆಗೆದುಕೊಂಡಿತು. ಈ ಮಸಿ ಒಂದು ಹಕ್ಕು ಚಲಾಯಿಸಿದ ಸಾಕ್ಷಿ. ಆದರೆ ಐದು ವರ್ಷಕ್ಕೊಮ್ಮೆ ಬೆರಳು ಕಪ್ಪು ಮಾಡಿಕೊಂಡರೆ ಸಾಲದು. ಉಳಿದ ದಿನ ಆ ಬೆರಳು ಲೇಖನಿ ಹಿಡಿಯಬೇಕು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಬರುವ ಸಂಬಳದ ದಿನ, ಪುಸ್ತಕ ಮುಂದೆ ಬಂದಾಗ, ಸಾಲು ನಿಂತಿದೆ ಎಂದು ಅವಸರಪಡಿಸಿದರೂ, ನಿಮ್ಮ ಹೆಸರಿನ ಸಾಲನ್ನು ಪೂರ್ತಿ ಓದಿ ಆಮೇಲೆ ರುಜು ಹಾಕಿ. ಓದಲು ಬಾರದಿದ್ದರೆ ಪಕ್ಕದವನಿಂದ ಓದಿಸಿಕೊಳ್ಳಿ. ವ್ಯಾಪಾರಿ ಬಂಧುಗಳು ಸಾಲದ ಕಾಗದದ ಕೊನೆಯ ಪುಟವನ್ನೂ ಓದಿ. ಸಣ್ಣ ಅಕ್ಷರದಲ್ಲಿ ದೊಡ್ಡ ಮಾತು ಇರುತ್ತದೆ. ಇನ್ನೂ ಅಕ್ಷರ ಬಾರದವರು ನಾಳೆ ರಾತ್ರಿ ಇಲ್ಲಿಗೆ ಬನ್ನಿ. ಕೈ ನಡುಗಿದರೆ ಹಿಡಿದುಕೊಳ್ಳಲು ನಾವಿದ್ದೇವೆ. ಕಾಲು ಬರಿಗಾಲಾದರೂ ಇಲ್ಲಿ ಯಾರೂ ಬೇಡವೆನ್ನುವುದಿಲ್ಲ.

ನನ್ನ ಅಜ್ಜನ ಊರಿನ ಆ ಕಪ್ಪು ಕಂಬವನ್ನು ಯಾವ ಚಿತ್ರಕಾರನೂ ಬರೆದಿಲ್ಲ. ನಿಮ್ಮ ಮಕ್ಕಳಲ್ಲಿ ಯಾರಾದರೂ ಚಿತ್ರ ಬರೆಯುವವರಿದ್ದರೆ ಅವರಿಗೆ ಈ ಸಂಗತಿ ಹೇಳಿ. ಚಿತ್ರಗಳನ್ನು ಇನ್ನೂ ಒಂದು ಗಂಟೆ ಹಗ್ಗದ ಮೇಲೆ ಬಿಟ್ಟಿರುತ್ತೇನೆ. ಹತ್ತಿರ ಬಂದು ನೋಡಿ.